ಒಂದು ಗೇಣು ಕೊಸರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಎಂಟು ವರ್ಷ ಅವರನ್ನು ಕಳ್ಳ ಎಂದು ಹೇಳಿಕೊಂಡು ತಿರುಗಿದವನು, ಈಗ ಹೆಸರು ಬರೆದು ಗೌರವ ತೋರಿಸಿದರೆ ಅದೂ ಒಂದು ಬಗೆಯ ವ್ಯಾಪಾರವೇ ಆಗುತ್ತದೆ. ಶಿವಾಜಿನಗರದ ಆ ಓಣಿಯಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಎದುರಿಗೆ ನಾನೂ ಹಾಗೇ ಕರೆಯುತ್ತಿದ್ದೆ. ಕಾರಿನ ಬಾಗಿಲಿನ ಸುತ್ತ, ನೀರು ಗಾಳಿ ಒಳಗೆ ನುಗ್ಗದಂತೆ ಒಂದು ರಬ್ಬರಿನ ಅಂಚು ಇರುತ್ತದಲ್ಲ, ನಮ್ಮ ಕಡೆ ಅದಕ್ಕೆ ಬೀಡಿಂಗ್ ಎನ್ನುತ್ತಾರೆ, ಅದನ್ನು ಕೂರಿಸುವುದು ಅವರ ಕೆಲಸ. ಎಂಜಿನ್ ಮುಟ್ಟುತ್ತಿರಲಿಲ್ಲ, ಬಣ್ಣ ಮುಟ್ಟುತ್ತಿರಲಿಲ್ಲ. ಬಾಗಿಲು, ರಬ್ಬರು, ಅಷ್ಟೇ.

ಕಳ್ಳ ಎಂದದ್ದನ್ನು ನಾನು ಪೂರ್ತಿ ವಾಪಸ್ ತೆಗೆದುಕೊಂಡಿದ್ದೇನೆ ಎಂದೂ ತಿಳಿಯಬೇಡಿ. ಕಳ್ಳತನವೊಂದು ನಡೆದದ್ದು ನಿಜ.

ಅನುಮಾನ ಹುಟ್ಟಿದ್ದು ಅವರ ಒಂದು ಮಾತಿನಿಂದ. ಯಾರೇ ಬರಲಿ, ಎಂಥ ಗಾಡಿಯೇ ತರಲಿ, ಅವರು ಮೊದಲು ಹೇಳುತ್ತಿದ್ದದ್ದು ಒಂದೇ: "ಬಾಗಿಲಿಗೊಂದು ಗೇಣು ಜಾಸ್ತಿ ರಬ್ಬರ್ ತನ್ನಿ." ಕೊಸರು ಕೇಳುವುದು ಕೊಳ್ಳುವವನ ಹಕ್ಕು. ಹಲಸೂರು ಮಾರ್ಕೆಟ್ಟಿನಲ್ಲಿ ನಮ್ಮಮ್ಮ ಎರಡು ಕಡ್ಡಿ ಕೊತ್ತಂಬರಿ ಕೊಸರು ಹಾಕಿಸಿಕೊಳ್ಳದೆ ಚೀಲ ಮಡಚಿದವಳೇ ಅಲ್ಲ. ಆದರೆ ಕೆಲಸ ಮಾಡುವವನು ಗಿರಾಕಿಯ ಹತ್ತಿರ ಕೊಸರು ಕೇಳುವುದೆಂದರೇನು? ದರ್ಜಿ ಅರ್ಧ ಮೀಟರ್ ಬಟ್ಟೆ ಹೆಚ್ಚು ಕೇಳಿದರೆ ಅದು ಅವನ ಮಗನ ಚಡ್ಡಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಗೇಣು ಗೇಣು ರಬ್ಬರು ಎಲ್ಲಿಗೆ ಹೋಗುತ್ತದೆ? ಅಂಗಡಿಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಕೆಲಸ ಮುಗಿದ ಮೇಲೆ ಮಿಕ್ಕ ತುಂಡನ್ನು ಅವರು ಅದರೊಳಗೆ ಹಾಕಿ ಬೀಗ ಜಡಿಯುತ್ತಿದ್ದರು. ಬೀಗದ ಕೈ ಸೊಂಟದ ದಾರದಲ್ಲಿ. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಬೀಗವಿದ್ದ ಮೇಲೆ ಒಳಗೆ ಏನೋ ಇದೆ, ಮತ್ತು ಆ ಏನೋ ಯಾರದೋ ಆಗಿದೆ. ಇದು ನನ್ನ ಅನುಭವದ ಮಾತು.

ನನ್ನ ಅನುಭವ ಯಾವ ಬಗೆಯದು ಎಂದು ಹೇಳಿಬಿಡುತ್ತೇನೆ. ಮರ್ಫಿ ಟೌನಿನಲ್ಲಿ ಹುಟ್ಟಿದವನು ನಾನು. ಶಿವಾಜಿನಗರದ ಗುಜರಿಯಲ್ಲಿ ಗೋಣಿತಟ್ಟು ಹಾಸಿ, ಹಳೆಯ ಹೆಡ್‌ಲೈಟು, ಸೈಡ್ ಮಿರರ್ ಮಾರುತ್ತ ಬೆಳೆದೆ. ಕನ್ನಡ, ತಮಿಳು, ದಖನಿ, ಮೂರರಲ್ಲೂ 'ಆಗಲ್ಲ' ಎನ್ನುವುದನ್ನು ಮೊದಲು ಕಲಿತೆ, ಉಳಿದ ಮಾತು ಆಮೇಲೆ ತಾನಾಗಿ ಬಂತು. ಗುಜರಿಯವನು ಮೊದಲು ನಂಬುವುದು ತನ್ನ ಕೈಯ ಟೇಪನ್ನು. ನೀವೂ ಹಳೆಯ ಕಾರು ಕೊಳ್ಳಲು ಹೊರಟಿದ್ದರೆ ಒಂದು ಮಾತು ಕೇಳಿ. ಬಣ್ಣ ನೋಡಬೇಡಿ, ಬಾನೆಟ್ ಎತ್ತಬೇಡಿ. ಮೊದಲು ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಮೂಸಿ. ಹಸಿ ಗೋಣಿಯ ವಾಸನೆ ಬಂದರೆ ಮಾಲೀಕ ಎಷ್ಟೇ ದೇವರಂಥವನಾಗಿರಲಿ, ನಮಸ್ಕಾರ ಹೇಳಿ ಬಂದುಬಿಡಿ.

ಈ ಬುದ್ಧಿ ನನಗೇ ಬಂದದ್ದು ತಡವಾಗಿ. ತೊಂಬತ್ತರ ದಶಕದ ಕೊನೆಯಲ್ಲಿ, ದಂಡು ಪ್ರದೇಶದ ಒಂದು ಹಳೆಯ ಬಂಗಲೆಯ ಷೆಡ್ಡಿನಿಂದ ನಾನೊಂದು ಕಾರು ಎತ್ತಿದೆ. ಎರಡೇ ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಗಟ್ಟಿ ಛಾವಣಿಯದು, ಉದ್ದ ಮೂತಿ, ಹತ್ತಿ ಕೂತರೆ ರಸ್ತೆ ಕೈಗೆ ಸಿಗುವಷ್ಟು ತಗ್ಗು. ಮಾರ್ಚ್ ತಿಂಗಳಲ್ಲಿ ಕೊಂಡೆ. ಮಾರ್ಚಿನಲ್ಲಿ ಯಾವ ಕಾರ್ಪೆಟ್ಟೂ ನಾರುವುದಿಲ್ಲ. ಜೂನ್ ಬಂತು, ಸತ್ಯ ಹೊರಗೆ ಬಂತು. ಎರಡು ಬಾಗಿಲಿನ ಕೆಳಗೂ ನೀರು ನಿಂತು, ಕಾರ್ಪೆಟ್ ಹಿಂಡಿದರೆ ಬಕೆಟ್ ತುಂಬುತ್ತಿತ್ತು. ನನ್ನಿಂದ ಮೊದಲು ಕೊಂಡವನು ಮೂರೇ ವಾರಕ್ಕೆ ತಂದು ನನ್ನ ಬಾಗಿಲಿಗೆ ನಿಲ್ಲಿಸಿ ಹೋದ. ಗುಜರಿಯ ಹಳೆಯ ಸ್ನೇಹಿತರು ದಾರಿಯಲ್ಲಿ ಸಿಕ್ಕರೆ, "ಏನ್ ಗುರು, ಮೀನು ಸಾಕಿದ್ದೀಯಂತೆ?" ಎನ್ನುತ್ತಿದ್ದರು.

ಆ ಹೊತ್ತಿಗೆ ನಾನು ಗುಜರಿ ಬಿಟ್ಟು ಹಲಸೂರಿನಲ್ಲಿ 'ಹಳೆಯ ಕಾರುಗಳು' ಎಂದು ಬೋರ್ಡು ಹಾಕಿಕೊಂಡಿದ್ದೆ. ಬೋರ್ಡು ಇತ್ತು, ಹೆಸರು ಇರಲಿಲ್ಲ. ಅಂಥ ಸಮಯದಲ್ಲಿ ಇಂದಿರಾನಗರದ ಒಬ್ಬ ಡಾಕ್ಟರಮ್ಮ ಆ ಕಾರನ್ನು ಕೇಳಿಕೊಂಡು ಬಂದರು. ಕೆಲಸದಿಂದ ನಿವೃತ್ತರಾದವರು, ಹಳೆಯ ಕಾರಿನ ಹುಚ್ಚಿನ ನಾಲ್ಕಾರು ದೊಡ್ಡ ಮನೆಗಳಿಗೆ ಬೇಕಾದವರು. ಅವರು ಕೊಂಡರೆ ಉಳಿದವರೂ ನನ್ನ ಹತ್ತಿರವೇ ಬರುತ್ತಾರೆ. ಅವರು ಬೇಡ ಎಂದರೆ ನನ್ನ ಬೋರ್ಡು ಗುಜರಿಗೆ, ಅದರ ಹಿಂದೆಯೇ ನಾನೂ. ಅವರ ಷರತ್ತು ಒಂದೇ.

"ನಾನು ಒಳಗೆ ಕೂತ್ಕೋತೀನಿ. ನೀವು ಹೊರಗಿಂದ ಪೈಪಲ್ಲಿ ಕಾಲು ಗಂಟೆ ನೀರು ಬಿಡಿ. ನನ್ನ ಸೀರೆ ನೆನೆಯದಿದ್ರೆ ಕಾರು ನಂದು."

ಬೀಡಿಂಗನ್ನೂ ಅವರೇ ಇಂಗ್ಲೆಂಡಿನಲ್ಲಿದ್ದ ನೆಂಟರಿಂದ ತರಿಸಿಕೊಟ್ಟರು. ಆ ಕಾರಿನದೇ ಅಚ್ಚಿನ ರಬ್ಬರು, ಒಂದೇ ಸುರುಳಿ. ಇಲ್ಲಿ ಎಲ್ಲಿ ಹುಡುಕಿದರೂ ಸಿಗದ ಮಾಲು. "ಇದನ್ನ ಕೂರಿಸೋಕೆ ಬೆಂಗಳೂರಲ್ಲಿ ಒಬ್ರೇ" ಎಂದು ಕೇಳಿದಲ್ಲೆಲ್ಲ ಒಂದೇ ಉತ್ತರ. ಒಬ್ಬರೇ ಎಂದರೆ ಪೆಟ್ಟಿಗೆಯ ಚಾಚಾ.

ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಸುರುಳಿ ಬಿಚ್ಚಿದೆ. ಕಾರಿನ ಬಾಗಿಲ ಚೌಕಟ್ಟನ್ನು ಟೇಪು ಹಿಡಿದು ಮೂರು ಸಲ ಅಳೆದಿದ್ದೆ. ಆ ಅಳತೆಗೆ ಸರಿಯಾಗಿ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ, ಎರಡು ತುಂಡು ಕತ್ತರಿಸಿದೆ. ಮಿಕ್ಕದ್ದು ಒಂದು ಮೊಳ ನಾಲ್ಕು ಬೆರಳು. ಗೇಣೆರಡು ಸೇರಿದರೆ ಮೊಳ. ಅಂದರೆ ಚಾಚಾ ಕೇಳುವ ಕೊಸರು ಸರಿಯಾಗಿ ಅಷ್ಟೇ ಇತ್ತು, ಮೇಲೆ ನಾಲ್ಕು ಬೆರಳು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ಹೊತ್ತಿಗೆ ನನಗೆ ನನ್ನ ಬುದ್ಧಿಯ ಮೇಲೆ ತುಂಬ ಸಂತೋಷವಾಗಿತ್ತು.

ಅವರ ಅಂಗಡಿ ಎಂದರೆ ಒಂದು ಕಾರು ನಿಂತರೆ ಪಕ್ಕದಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನಡೆಯಬಹುದಾದ ತಗಡಿನ ಷೆಡ್ಡು, ಹಿಂದೆಯೇ ಮನೆ. ಮನುಷ್ಯ ಸಣಕಲು. ಬಿಳಿ ಗಡ್ಡ, ಮೊಣಕೈವರೆಗೆ ಮಡಚಿದ ಜುಬ್ಬ, ಒಂದು ಕಣ್ಣು ಸ್ವಲ್ಪ ಕಿರಿದು. ಆ ಕಿರಿದಾದ ಕಣ್ಣಿನಿಂದ ಅವರು ನಿಮ್ಮನ್ನು ನೋಡುತ್ತಿದ್ದಾರೋ ನಿಮ್ಮ ಹಿಂದಿನ ಗೋಡೆಯನ್ನೋ ತಿಳಿಯುತ್ತಿರಲಿಲ್ಲ. ನನ್ನಂಥವನಿಗೆ ಅದೂ ಒಂದು ಅನುಮಾನವೇ.

ಮೊದಲ ದಿನ ಅವರು ರಬ್ಬರು ಮುಟ್ಟಲೇ ಇಲ್ಲ. ಕಾರಿನ ಬಾಗಿಲು ತೆಗೆದರು, ಅಂಗೈಯಿಂದ ಮೆಲ್ಲಗೆ ತಳ್ಳಿ ಮುಚ್ಚಿದರು, ತಲೆ ಓರೆ ಮಾಡಿ ಕೇಳಿದರು. ಮತ್ತೆ ತೆಗೆದರು, ಮುಚ್ಚಿದರು. ನಾನು ಸಹಾಯ ಮಾಡೋಣವೆಂದು ಆ ಕಡೆಯ ಬಾಗಿಲನ್ನು ದಡ್ ಎಂದು ಹಾಕಿದೆ.

"ಮನೇಲಿ ಜಗಳಾನಾ ಸೇಠ್?" ಎಂದರು.

"ಇಲ್ಲ, ಯಾಕೆ?"

"ಬಾಗಿಲು ಹಂಗೆ ಹಾಕೋರು ಮನೇಲಿ ಹೆಂಡ್ತಿ ಜೊತೆ ಸರಿ ಇರಲ್ಲ. ನಾನು ನೋಡಿದೀನಿ."

ಆಮೇಲೆ ಹಳೆಯ ಇಂಗ್ಲಿಷ್ ಪತ್ರಿಕೆಯನ್ನು ಉದ್ದುದ್ದ ಪಟ್ಟಿಗಳಾಗಿ ಹರಿದರು. ಒಂದು ಪಟ್ಟಿಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿ, ಹೊರಗಿನಿಂದ ಎಳೆಯುವುದು. ಸಲೀಸಾಗಿ ಬಂದರೆ ಅಲ್ಲಿ ನೀರಿಗೆ ದಾರಿ ಇದೆ. ಬಿಗಿಯಾಗಿ ಬಂದರೆ ಇಲ್ಲ. ಹೀಗೆ ಬಾಗಿಲ ಸುತ್ತ ಒಂದೊಂದು ಬೆರಳಿಗೂ ಎಳೆದು ಎಳೆದು, ಸಲೀಸಾಗಿ ಬಂದ ಕಡೆಯಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತ ಹೋದರು. ಪಕ್ಕದಲ್ಲೇ ಉರ್ದು ಪತ್ರಿಕೆಗಳ ರಾಶಿ ಬಿದ್ದಿತ್ತು. ಅದನ್ನು ಬಿಟ್ಟು ಎದುರಿನ ಟೀ ಅಂಗಡಿಯಿಂದ ಇಂಗ್ಲಿಷ್ ಪತ್ರಿಕೆ ಕೇಳಿ ತಂದಿದ್ದರು.

"ಇದೇ ಇತ್ತಲ್ಲ ಚಾಚಾ, ಇದನ್ನ ಹರೀಬಾರದಿತ್ತಾ?"

"ನಕ್ಕೋ, ಬೇಡ, ಅದ್ರಲ್ಲಿ ಎಲ್ಲೋ ಒಂದು ಕಡೆ ದೇವರ ಹೆಸರು ಇರ್ತದೆ. ಕಾಲ ಕೆಳಗೆ ಬೀಳಬಾರದು. ಇಂಗ್ಲಿಷ್ ಪೇಪರಲ್ಲಿ ಆ ಭಯ ಇಲ್ಲ, ಬರೀ ರೇಟು."

ಎರಡನೇ ದಿನ ರಬ್ಬರು ಕೂರಿಸಲು ಹಿಡಿದರು. ನಾನು ಸ್ಟೂಲು ಹಾಕಿಕೊಂಡು ಎದುರಿಗೇ ಕೂತೆ. ಟೇಪು ತೊಡೆಯ ಮೇಲೆ. ಅವರು ಕಬ್ಬಿಣದ ಹತಾರ ಮುಟ್ಟುತ್ತಿರಲಿಲ್ಲ. ಸೋಪಿನ ನೀರು, ಒಂದು ಬಿದಿರ ಚಕ್ಕೆ, ಹೆಬ್ಬೆರಳು. ಆ ಹೆಬ್ಬೆರಳಿನ ಉಗುರು ಅರ್ಧ ಸವೆದು ಚಮಚದ ಹಿಡಿಯಂತಾಗಿತ್ತು. ರಬ್ಬರನ್ನು ಒಂದೇ ಒಂದು ಸಲವೂ ಎಳೆಯಲಿಲ್ಲ. ಹಿಂದಿನಿಂದ ಮುಂದಕ್ಕೆ ತಳ್ಳಿ ತಳ್ಳಿ, ಮೂಲೆ ಬಂದಲ್ಲಿ ಇನ್ನಷ್ಟು ಒಳಗೆ ಒತ್ತಿ, ಹಟ ಮಾಡುವ ಮಗುವಿಗೆ ತುತ್ತು ತಿನ್ನಿಸಿದ ಹಾಗೆ ಗಾಡಿಗೆ ಗಾಡಿಯದೇ ರಬ್ಬರು ತಿನ್ನಿಸುತ್ತಿದ್ದರು.

ಸುತ್ತು ಮುಗಿಸಿ ಕೆಳಗೆ ಬಂದರು. ಮನೆಗೆ ಹೊಸ್ತಿಲಿದ್ದ ಹಾಗೆ ಕಾರಿನ ಬಾಗಿಲಿಗೂ ಹತ್ತುವಾಗ ಕಾಲು ತಗಲುವ ಒಂದು ಹೊಸ್ತಿಲಿರುತ್ತದೆ. ಅದರ ನಡುವೆ ರಬ್ಬರಿನ ಎರಡು ತುದಿ ಸೇರಬೇಕು. ಸೇರಲಿಲ್ಲ. ನಡುವೆ ಸರಿಯಾಗಿ ಒಂದು ಗೇಣು ಖಾಲಿ.

ಅವರು ಆ ಖಾಲಿ ಜಾಗದ ಮೇಲೆ ಕೈಯಿಟ್ಟು ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದರು.

"ಎಳೀರಿ ಚಾಚಾ. ರಬ್ಬರ್ ತಾನೆ, ಬರುತ್ತೆ."

"ಬರುತ್ತೆ. ಆಮೇಲೆ ವಾಪಸ್ ಹೋಗುತ್ತೆ. ಎಳೆದು ಹಾಕಿದ್ದು ಇವತ್ತು ಚೆನ್ನಾಗಿ ಕಾಣುತ್ತೆ, ಎರಡು ಬಿಸಿಲು ಬಿದ್ರೆ ಮುದುರಿಕೊಂಡು ತನ್ನ ಅಳತೆಗೆ ಹೋಗ್ಬಿಡ್ತದೆ. ಮೂಲೆ ಬಿಡ್ತದೆ. ನೀರು ಅಲ್ಲೇ ಬರೋದು. ನಿಮ್ಮ ಮೊದಲಿನ ಮಿಸ್ತ್ರಿ ಅದೇ ಮಾಡಿದ್ದು."

"ನಾನು ಅಳತೆ ಮಾಡೇ ತಂದಿದ್ದು. ಮೂರು ಸಲ."

"ನೀವು ಬಾಗಿಲು ಅಳೆದ್ರಿ. ರಬ್ಬರ್ ಅಳೀಲಿಲ್ಲ. ತಳ್ಳಿ ಕೂರಿಸಿದ್ರೆ ಒಂದೊಂದು ಬಾಗಿಲು ಗೇಣು ಜಾಸ್ತಿ ನುಂಗ್ತದೆ, ಒಂದೊಂದಕ್ಕೆ ಆ ಗೇಣು ಹಂಗೇ ಮಿಗ್ತದೆ." ಆ ಕಿರಿದಾದ ಕಣ್ಣು ನನ್ನ ತೊಡೆಯ ಮೇಲಿನ ಟೇಪಿಗೆ ಬಂದು, ಅಲ್ಲಿಂದ ನನ್ನ ಮುಖಕ್ಕೆ ಬಂತು. "ಸುರುಳೀಲಿ ಮಿಕ್ಕಿರ್ಬೇಕಲ್ಲ ಸೇಠ್?"

"ಇಲ್ಲ," ಎಂದೆ. "ಬಂದಿದ್ದೇ ಇಷ್ಟು."

ಸುಳ್ಳು ಹೇಳುವಾಗ ಕಣ್ಣು ತಪ್ಪಿಸಬಾರದು, ಅದು ಗುಜರಿಯ ಮೊದಲ ಪಾಠ. ನಾನು ತಪ್ಪಿಸಲಿಲ್ಲ. ತಪ್ಪಿಸಿದವರು ಅವರು. ಇನ್ನೊಂದು ಬಾಗಿಲಿಗೆ ಹೋಗಿ ಅಲ್ಲೂ ಒಂದು ಗೇಣು ಖಾಲಿ ಬಿಟ್ಟು ಎದ್ದು ನಿಂತರು.

ನನಗೆ ರೇಗಿತು. ಬೇಕೆಂದೇ ಮುದುರಿ ಮುದುರಿ ಕೂರಿಸಿ ಕಡಿಮೆ ಬೀಳಿಸುತ್ತಿದ್ದಾರೆ, ನಾನು ಮಿಕ್ಕದ್ದನ್ನು ತರಲಿ, ಆಮೇಲೆ ಇಷ್ಟು ಕತ್ತರಿಸಿ ಪೆಟ್ಟಿಗೆಗೆ ಹಾಕಿಕೊಳ್ಳಲಿ ಎಂದು ಲೆಕ್ಕ.

"ಚಾಚಾ, ಆ ಪೆಟ್ಟಿಗೆ ಸ್ವಲ್ಪ ತೆಗೀರಿ."

"ಯಾಕೆ?"

"ನೋಡೋಣ ಅಂತ."

"ಅದ್ರಲ್ಲಿ ಬೇರೆಯೋರ ಸಾಮಾನಿದೆ."

"ಅದನ್ನೇ ನೋಡ್ಬೇಕು ನಾನು."

ಎದುರಿನ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ. ಚಾಚಾ ನಕ್ಕರು. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕಳ್ಳ ಸಿಟ್ಟಾಗುತ್ತಾನೆ, ಪಾಪದವನೂ ಸಿಟ್ಟಾಗುತ್ತಾನೆ, ನಗುವವನನ್ನು ಮಾತ್ರ ಯಾವ ಕಡೆಗೆ ಹಾಕುವುದೋ ತಿಳಿಯುವುದಿಲ್ಲ.

"ಬಿಸಿಲು ಕಾಣದ ರಬ್ಬರ್ ಸಾಯಲ್ಲ ಸೇಠ್. ಅದಕ್ಕೆ ಪೆಟ್ಟಿಗೆ. ಹೋಗಿ, ಮುಖಕ್ಕೆ ಹಾಕೋ ಪೌಡರ್ ಒಂದು ಡಬ್ಬಿ ತಗೊಂಡ್ಬನ್ನಿ. ಹೊಸ ರಬ್ಬರಿಗೆ ಹಚ್ಚದಿದ್ರೆ ಬಾಗಿಲಿಗೆ ಅಂಟಿಕೊಳ್ತದೆ. ವಾಸನೆ ಕಮ್ಮಿ ಇರೋದು ತನ್ನಿ, ಡಾಕ್ಟರಮ್ಮ ಕೂರೋ ಗಾಡಿ."

ನಾನು ಹೋಗಬಾರದಿತ್ತು. ಆದರೆ ಪೌಡರಿನ ಬೆಲೆಯನ್ನು ಅವರ ಕೈಗೆ ಕೊಟ್ಟು ಕಳಿಸುವುದೂ ನನಗೆ ಇಷ್ಟವಿರಲಿಲ್ಲ. ಹೋಗಿ ಬರುವಷ್ಟರಲ್ಲಿ ಕಾರಿನ ಎರಡು ಬಾಗಿಲೂ ಮುಚ್ಚಿದ್ದವು. ಚಾಚಾ ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದರು. ಸೊಂಟದ ಬೀಗದ ಕೈ ಜುಬ್ಬದ ಹೊರಗೆ ನೇತಾಡುತ್ತಿತ್ತು. ಅದನ್ನು ನಾನು ಗಮನಿಸಿದೆ.

"ಪೌಡರ್?"

"ನನ್ನ ಹತ್ರಾನೇ ಇತ್ತು, ಹಚ್ಚಿದೆ. ಈ ಡಬ್ಬಿ ಮನೆಗೆ ಒಯ್ಯಿರಿ, ಖರ್ಚಾಗುತ್ತೆ. ಗಾಡಿ ಇಲ್ಲೇ ಇರಲಿ, ನಾಲ್ಕು ದಿನ ಬಾಗಿಲು ತೆಗೀಬಾರದು. ರಬ್ಬರು ಬಾಗಿಲನ್ನ ಪರಿಚಯ ಮಾಡ್ಕೋಬೇಕು."

"ಆ ಖಾಲಿ ಜಾಗ ಏನಾಯ್ತು?"

"ಆಯ್ತು," ಎಂದರು.

ಹೊಸ್ತಿಲ ಮೇಲೆ ಅಲ್ಯೂಮಿನಿಯಮ್ ಪಟ್ಟಿ ಕೂರಿಸಿ ತಿರುಪು ಬಿಗಿದಿದ್ದರು, ಗಾಜಿನಿಂದ ಇಣುಕಿದರೆ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಎಳೆದೇ ಹಾಕಿದ್ದಾರೆ, ಆಗುವುದಿಲ್ಲ ಎಂದದ್ದೆಲ್ಲ ಕೊಸರು ಹೊಡೆಯಲು ಹೂಡಿದ ನಾಟಕ ಎಂದುಕೊಂಡೆ. ಎರಡು ದಿನ ಕದ್ದು ಅತ್ತ ಹೋಗಿ ಬಾಗಿಲು ತೆರೆದಿಲ್ಲ ತಾನೆ ಎಂದು ನೋಡಿ ಬಂದೆ. ಮೂರನೇ ದಿನ ಅವರೇ ಕೂಗಿ ಹೇಳಿದರು: "ಬನ್ನಿ ಸೇಠ್, ಗಾಡಿ ಇನ್ನೂ ಕಳುವಾಗಿಲ್ಲ."

ಡಾಕ್ಟರಮ್ಮನ ಪರೀಕ್ಷೆ ಅವರ ಮನೆಯ ಅಂಗಳದಲ್ಲೇ ನಡೆಯಿತು. ಅವರು ಗಂಜಿ ಹಾಕಿದ ಬಿಳಿ ಕಾಟನ್ ಸೀರೆ ಉಟ್ಟು, ಒಂದು ಪುಸ್ತಕ ಹಿಡಿದು ಒಳಗೆ ಕೂತರು. ನಾನು ಪೈಪು ಹಿಡಿದೆ. ಛಾವಣಿಗೆ, ಗಾಜಿಗೆ, ಬಾಗಿಲ ಮೂಲೆಗೆ. ಕಾಲು ಗಂಟೆ ಎಂಬುದು ಅಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಅವರು ಹಾಳೆ ತಿರುಗಿಸುವುದು ಮಸುಕಾಗಿ ಕಾಣುತ್ತಿತ್ತು. ನನ್ನ ಚಪ್ಪಲಿ, ಪ್ಯಾಂಟು ಪೂರ್ತಿ ನೆಂದಿದ್ದವು. ಅವರು ಇಳಿದರು. ಸೆರಗಿನ ಅಂಚನ್ನು ಹೊಸ್ತಿಲ ಉದ್ದಕ್ಕೂ ಒತ್ತಿ ಒರೆಸಿ ಬೆಳಕಿಗೆ ಹಿಡಿದು ನೋಡಿದರು. ಒಂದು ಹನಿಯೂ ಇರಲಿಲ್ಲ. ಬಾಗಿಲನ್ನು ಎರಡು ಬೆರಳಿನಲ್ಲಿ ತಳ್ಳಿದರು. ಟಪ್ ಎಂದು, ಒಳ್ಳೆಯ ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ ಕೂತಿತು.

"ಯಾರ ಕೆಲಸ ಇದು?" ಎಂದು ಕೇಳಿದರು.

"ನಾನೇ ಮುಂದೆ ಕೂತು ಮಾಡಿಸಿದ್ದು," ಎಂದೆ.

ಅಲ್ಲಿಂದ ನನ್ನ ಬೋರ್ಡಿಗೆ ಹೆಸರು ಬಂತು. ಆ ದೊಡ್ಡ ಮನೆಗಳವರೂ ಬಂದರು, ಗರುಡಾಚಾರ್‌ಪಾಳ್ಯದಲ್ಲಿ ಒಂದು ಗೋಡೌನನ್ನೂ ಬಾಡಿಗೆಗೆ ಹಿಡಿದೆ. ಯಾರಾದರೂ ಬೀಡಿಂಗಿನ ಮಾತೆತ್ತಿದರೆ ನನ್ನ ಸಲಹೆ ಸಿದ್ಧವಿತ್ತು. "ಶಿವಾಜಿನಗರದ ಚಾಚಾ ಹತ್ರ ಕೊಡ್ತೀರಾ? ಕೊಡಿ, ಕೈ ಒಳ್ಳೇದು. ಆದ್ರೆ ಟೇಪ್ ಹಿಡಿದು ಕತ್ತರಿಸಿ ಕೊಡಿ. ಆ ಪೆಟ್ಟಿಗೆ ನೋಡಿದೀರಾ?" ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ. ನಾನು ಸಲಹೆಗೆ ಕಾಸು ಕೇಳುವವನಲ್ಲ. ಮನೆಯಲ್ಲಿ ಮಿಕ್ಕಿದ್ದ ಆ ತುಂಡನ್ನು ಮಾರಲು ನೋಡಿದೆ. ಒಂದು ಮೊಳಕ್ಕೆ ಯಾರೂ ಗಿರಾಕಿ ಸಿಗಲಿಲ್ಲ. ಬೀರುವಿನ ಬಾಗಿಲು ಗಡಗಡ ಎನ್ನುತ್ತದೆ ಎಂದು ಹೆಂಡತಿ ದೂರುತ್ತಿದ್ದಳು, ಅದರ ಒಳ ಅಂಚಿಗೆ ಅಂಟಿಸಿದೆ.

ಎಂಟು ವರ್ಷ ಕಳೆದು ಡಾಕ್ಟರಮ್ಮ ಅದೇ ಕಾರನ್ನು ಹೊಸ ಕಾರ್ಪೆಟ್ ಹಾಕಿಸಲು ನನ್ನ ಹತ್ತಿರ ಕಳಿಸಿದರು. ಹಳೆಯದನ್ನು ಎತ್ತಿ, ಅಭ್ಯಾಸಬಲದಿಂದ ಮೂಸಿದೆ. ದೂಳಿನ ವಾಸನೆ ಬಿಟ್ಟರೆ ಏನೂ ಇಲ್ಲ. ಎಳೆದು ಹಾಕಿದ ರಬ್ಬರು ಎಂಟು ಮಳೆಗಾಲ ತಡೆದದ್ದು ಹೇಗೆ ಎಂದು ಅನುಮಾನವಾಯಿತು. ಹೊಸ್ತಿಲ ಪಟ್ಟಿಯ ತಿರುಪು ನಾನೇ ಬಿಚ್ಚಿದೆ.

ರಬ್ಬರಿಗೆ ಒಂದು ಜಾಯಿಂಟು ಇರಬೇಕಿತ್ತು. ಎರಡಿದ್ದವು. ಎರಡರ ನಡುವೆ ಒಂದು ಗೇಣಿನ ಬೇರೆ ತುಂಡು. ಅದೇ ಅಚ್ಚು, ಅದೇ ದಪ್ಪ, ಕಪ್ಪು ಮಾತ್ರ ಒಂದು ಚೂರು ಮಂಕು. ಕೂಡಿಸಿದ ಜಾಗ ಉಗುರಿಗೆ ಸಿಗದಷ್ಟು ನಯ. ಆ ಕಡೆಯ ಬಾಗಿಲನ್ನೂ ಬಿಚ್ಚಿದೆ. ಅಲ್ಲೂ ಹಾಗೇ. ಬಿದಿರ ಚಕ್ಕೆ ತೂರಿಸಿ ಆ ತುಂಡನ್ನು ಮೆಲ್ಲಗೆ ಮಗುಚಿದಾಗ, ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ ನಾಲ್ಕು ಅಂಕಿ ಕಂಡವು. ಯಾವುದೋ ಗಾಡಿಯ ನಂಬರು. ಈ ಗಾಡಿಯದಲ್ಲ.

ನನ್ನ ಮೊದಲ ಯೋಚನೆ ಏನಾಗಿತ್ತು ಎಂದು ಮುಚ್ಚಿಡುವುದಿಲ್ಲ. ಸಿಕ್ಕಿಬಿದ್ದ ಎಂದುಕೊಂಡೆ. ಬೇರೆಯವರ ಮಾಲು ತಂದು ನನ್ನ ಗಾಡಿಗೆ ಹಾಕಿದ್ದಾನೆ, ಕೈಯಲ್ಲಿ ಸಾಕ್ಷಿ ಇದೆ. ಅದಾದ ಮೇಲೆ, ಯಾರೂ ಹೇಳದೆ ತಾನಾಗಿಯೇ, ಇನ್ನೊಂದು ಯೋಚನೆ ಬಂತು. ಅವತ್ತು ಪೌಡರ್ ತರಲು ನನ್ನನ್ನು ಓಡಿಸಿದ್ದು ಪೆಟ್ಟಿಗೆಗೆ ಹಾಕಲು ಅಲ್ಲ, ಪೆಟ್ಟಿಗೆಯಿಂದ ತೆಗೆಯಲು.

ಮಾರನೇ ದಿನ ಶಿವಾಜಿನಗರಕ್ಕೆ ಹೋದೆ. ಷೆಡ್ಡಿನಲ್ಲಿ ಸೀಟ್ ಕವರುಗಳು ತೂಗುತ್ತಿದ್ದವು. ಚಾಚಾ ತೀರಿಕೊಂಡು ಏಳು ತಿಂಗಳಾಗಿತ್ತು. ಅಳಿಯ ಅಂಗಡಿ ನೋಡಿಕೊಳ್ಳುತ್ತಿದ್ದ, ಅವನು ಊಟಕ್ಕೆ ಹೋಗಿದ್ದ. ಹಿಂದಿನ ಮನೆಯ ಪರದೆ ಸರಿಸಿ ಮಗಳು ಬಂದರು, ನಲವತ್ತರ ಹೆಂಗಸು. ನಾನು ಕಾರಿನ ವಿಷಯ ಹೇಳಿದೆ, ಡಾಕ್ಟರಮ್ಮನ ವಿಷಯ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಟೇಪ್ ಸೇಠಾ?"

ನನ್ನ ಕೈ ಜೇಬಿನಲ್ಲಿದ್ದ ಟೇಪಿನ ಮೇಲೆ ಹೋಯಿತು.

"ನಮ್ಮ ಅಬ್ಬಾ ಹೇಳ್ತಿದ್ರು. ನೀವು ಬಂದೋದ ಮೇಲೆ ಎಲ್ಲರೂ ಟೇಪ್ ಹಿಡ್ಕೊಂಡೇ ಬರೋಕೆ ಶುರು ಮಾಡಿದ್ರಂತೆ. 'ಬೆಂಗಳೂರಿಗೆಲ್ಲ ಟೇಪ್ ಸೇಠ್ ಬಂದ್ಬಿಟ್ರು' ಅಂತ ನಗ್ತಿದ್ರು. ಆಮೇಲೆ ಪೆಟ್ಟಿಗೆಗೆ ಬೀಳೋದು ನಿಂತೋಯ್ತು."

"ಆ ಪೆಟ್ಟಿಗೆ ಇದೆಯಾ ಅಮ್ಮ?"

ಇತ್ತು. ಸೀಟ್ ಕವರುಗಳ ಕೆಳಗೆ. ಈಗ ಬೀಗವಿರಲಿಲ್ಲ. ಅಷ್ಟು ವರ್ಷದಿಂದ ನೋಡಬೇಕೆಂದಿದ್ದ ಪೆಟ್ಟಿಗೆಯ ಮುಂದೆ ನಾನು ಕುಕ್ಕರಗಾಲಲ್ಲಿ ಕೂತೆ. ಒಳಗೆ ಗೇಣುದ್ದದ ರಬ್ಬರು ತುಂಡುಗಳು, ಎರಡೆರಡು ಸೇರಿಸಿ ದಾರದಲ್ಲಿ ಕಟ್ಟಿದ ಕಂತೆಗಳು. ಒಂದೊಂದು ಕಂತೆಗೂ ಒಂದು ರಟ್ಟಿನ ಚೀಟಿ, ಚೀಟಿಯ ಮೇಲೆ ಗಾಡಿಯ ನಂಬರು.

"ಯಾವ ಗಾಡಿ ರಬ್ಬರು ಆ ಗಾಡಿಗೇ ಸೇರ್ಬೇಕು ಅನ್ನೋರು," ಎಂದರು ಮಗಳು. "ಹೊಸ್ತಿಲಲ್ಲಿ ಕಾಲು ತಗಲಿ ಹರಿಯೋದೇ ಮೊದಲು ಅಂತೆ. ಹತ್ತು ವರ್ಷ ಆದ್ಮೇಲೆ ಬಂದ್ರೂ ಅವರದ್ದೇ ತುಂಡು ತೆಗೆದು ಹಾಕಿ ಕೊಡ್ತಿದ್ರು. ಪೈಸೆ ತಗೋತಿರಲಿಲ್ಲ, ಅವರದ್ದೇ ಮಾಲಲ್ವಾ."

ಕಂತೆಗಳ ನಡುವೆ ಒಂದು ಕಡೆ ಬರೀ ದಾರ, ಬರೀ ಚೀಟಿ. ರಬ್ಬರಿಲ್ಲ. ನಾನು ಅಂಕಿ ನೋಡಿದೆ. ಅದೇ ನಾಲ್ಕು ಅಂಕಿ.

"ಈ ಗಾಡಿಯೋರು ಯಾವತ್ತಾದ್ರೂ ಕೇಳ್ಕೊಂಡು ಬಂದಿದ್ರಾ?"

"ಬಂದಿದ್ರು. ಫ್ರೇಜರ್ ಟೌನಿನೋರು, ನಿಮ್ಮದರ ಥರದ್ದೇ ಗಾಡಿ. ಮೂರು ನಾಲ್ಕು ವರ್ಷ ಆಯ್ತು. ಅಬ್ಬಾ 'ಕಳೆದೋಯ್ತು' ಅಂದ್ರು. ಅವರು ಇಲ್ಲೇ ನಿಂತು ಕೂಗಾಡಿದ್ರು. 'ಜನ ಹೇಳ್ತಿದ್ದಿದ್ದು ನಿಜಾನೇ, ಕೊಸರು ಕಳ್ಳ' ಅಂದೋದ್ರು. ಇಡೀ ಓಣಿ ಕೇಳಿಸ್ಕೊಳ್ತು."

"ಯಾರಿಗೆ ಕೊಟ್ಟೆ ಅಂತ ಹೇಳ್ಬೋದಿತ್ತಲ್ಲ?"

"ನಾನೂ ಕೇಳಿದೆ. 'ಗಿರಾಕಿ ರಬ್ಬರ್ ಮಿಕ್ಕಿಲ್ಲ ಅಂದ, ನಾನು ಇದೆ ಅಂತ ಹೆಂಗೆ ಹೇಳ್ಲಿ' ಅಂದ್ರು."

ನಾನು ವ್ಯಾಪಾರಿ, ಯಾರ ಒಳ್ಳೆಯತನವನ್ನೂ ತಿರುಗಿಸಿ ಅಡಿಭಾಗ ನೋಡದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಅದನ್ನೇ ಮಾಡಿದೆ. ಗಾಡಿ ಸೋರಿದ್ದರೆ ಅವರ ಹೆಸರೂ ಹಾಳಾಗುತ್ತಿತ್ತು, ಅದಕ್ಕೆ ಹಾಕಿರಬಹುದು. ಅರ್ಧ ಕೆಲಸ ಬಿಟ್ಟು ಕಳಿಸುವುದು ಕೈಗೆ ಒಗ್ಗದೆ ಹಾಕಿರಬಹುದು. ಅಥವಾ ನನಗೆ ಪಾಠ ಕಲಿಸಲು ಇರಬಹುದು. ಹಾಗಿದ್ದರೆ ಎಂಟು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತಿರಲಿಲ್ಲ. ಏನೇ ಆಗಲಿ, ಒಬ್ಬರು ನಂಬಿ ಬಿಟ್ಟುಹೋದ ಮಾಲನ್ನು ಅವರನ್ನು ಕೇಳದೆ ಇನ್ನೊಬ್ಬನ ಗಾಡಿಗೆ ಹಾಕಿದ್ದು ತಪ್ಪೇ. ಕಳ್ಳತನ ನಡೆದದ್ದು ನಿಜ ಎಂದು ಮೊದಲೇ ಹೇಳಿದೆನಲ್ಲ. ಮಾಲು ಮಾತ್ರ ಅಷ್ಟು ದಿನವೂ ನಮ್ಮ ಮನೆಯ ಬೀರುವಿನಲ್ಲಿತ್ತು.

ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಆ ತುಂಡನ್ನು ಬೀರುವಿನಿಂದ ಬಿಡಿಸಿದೆ. ಎಂಟು ವರ್ಷ ಬಿಸಿಲು ಕಂಡಿರಲಿಲ್ಲ. ಹಿಂಡಿದರೆ ಹೊಸದರ ಹಾಗೆ ಹಿಂದಕ್ಕೆ ಪುಟಿಯುತ್ತಿತ್ತು. "ಮತ್ತೆ ಗಡಗಡ ಅನ್ನುತ್ತಲ್ಲ, ಇದಕ್ಕೇನು ಮಾಡ್ತೀರಿ?" ಎಂದಳು ಹೆಂಡತಿ. ಕಾಗದ ಮಡಚಿ ಇಡು ಎಂದೆ.

ಮತ್ತೆ ಶಿವಾಜಿನಗರಕ್ಕೆ ಹೋಗಿ, ಚಾಚಾ ಅವರ ಮಗಳ ಎದುರಿಗೇ ಪೆಟ್ಟಿಗೆ ತೆಗೆದು, ಟೇಪು ಜೇಬಿನಲ್ಲೇ ಬಿಟ್ಟು, ಕೈಯಲ್ಲಿ ಅಳೆದೆ. ಗೇಣು, ಇನ್ನೊಂದು ಗೇಣು. ಮಿಕ್ಕ ನಾಲ್ಕು ಬೆರಳನ್ನು ಕತ್ತರಿಸಲಿಲ್ಲ. ಎರಡನೇ ತುಂಡಿಗೆ ಅದು ಸೇರಿಕೊಂಡೇ ಇರಲಿ ಎಂದು ಬಿಟ್ಟೆ. ಆ ಖಾಲಿ ದಾರಕ್ಕೆ ಕಟ್ಟಿ ಫ್ರೇಜರ್ ಟೌನಿನವರಿಗೆ ಫೋನ್ ಮಾಡಲು ಹೇಳಿದೆ. "ಸಿಕ್ತು ಅನ್ನಿ. ಕಳೆದಿರಲಿಲ್ಲ ಅನ್ನಿ. ಟೇಪ್ ಸೇಠ್ ಹತ್ರ ಇತ್ತು ಅಂತಾನೂ ಹೇಳಿ."

"ಅದು ನೀವೇ ಹೇಳಿ," ಎಂದು ಅವರು ನಂಬರು ಬರೆದ ಚೀಟಿಯನ್ನು ನನ್ನ ಕೈಗಿಟ್ಟರು.

ಹೇಳಿದೆ. ಫ್ರೇಜರ್ ಟೌನಿನವರು ನನ್ನನ್ನು ಬೈದದ್ದು ಇಲ್ಲಿ ಬೇಡ. ಮುಂದಿನ ವಾರ ಬರುತ್ತೇನೆ ಎಂದರು. ಆ ವಾರದೊಳಗೆ ನಾನೇ ಎರಡು ಸಲ ಶಿವಾಜಿನಗರಕ್ಕೆ ಹೋಗಿ, ಅಳಿಯ ಇಲ್ಲದ ಹೊತ್ತು ನೋಡಿ, ಪೆಟ್ಟಿಗೆ ತೆಗೆದು, ಕಂತೆ ಇದ್ದಲ್ಲೇ ಇದೆಯೇ ಎಂದು ನೋಡಿ ಬಂದೆ.

ಇತ್ತು.